ಹೆಸರು ತೆಗೆಸಿಕೊಂಡ ದೇವಿದಾಸ

ದೇವಿದಾಸನ ಮೇಲೆ ನನಗೆ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಲೂ ಇದೆ, ಅದು ಆಮೇಲೆ. ಈಗ ಅವನು ಅಂಕೋಲೆಯ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದಾನೆ. ಒಂದು ಕಾಲಕ್ಕೆ ಸಿನೆಮಾ ನಿರ್ದೇಶಕನಾಗಿದ್ದ ಎಂದರೆ ಯಾರೂ ನಂಬುವುದಿಲ್ಲ.

ಅಂಕೋಲೆ ಬಳಿಯ ಬೊಬ್ರುವಾಡದ ಈ ಮನುಷ್ಯ ಮುಂಬಯಿಗೆ ಹೋದ. ನಾಟಕದ ಪರದೆ ಬರೆಯುತ್ತ ಬರೆಯುತ್ತ ಸಿನೆಮಾ ಕಂಪನಿ ಸೇರಿದ. ಮೂವತ್ತೊಂದನೆಯ ಇಸವಿಯಲ್ಲಿ ಕ್ಯಾಮೆರಾ ತಂದು ಬೇಲೇಕೇರಿಯ ದಂಡೆಯಲ್ಲಿ ಮೂಕಿಚಿತ್ರವೊಂದನ್ನು ತೆಗೆದ. ಬಣ್ಣ ಬಳಿದ ನಟಿಯರು ಬೇಡವೆಂದು ಅದೇ ಊರಿಂದ ಅಂಕೋಲೆ ಪೇಟೆಗೆ ಬಂದು ಮನೆಮನೆಗೆ ಮೀನು ಮಾರುವ ನೀಲಾಳನ್ನೇ ಕಾಡಿ ಬೇಡಿ ಒಪ್ಪಿಸಿದ.

ನಮ್ಮ ಕಡೆ ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈಹಾಕಿದವರು ಯಾರೇ ಇರಲಿ, ಬಲೆ ದಂಡೆಗೆ ಬಂದ ಮೇಲೆ ತಮ್ಮ ಪಾಲಿನ ಮೀನು ಎತ್ತಿಕೊಳ್ಳುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಚಿತ್ರ ನಿಂತದ್ದೇ ಇದರ ಮೇಲೆ. ಗಂಡ ಸತ್ತು ಮನೆ ಹಿಡಿದು ಕೂತ ಹೆಂಗಸು ಒಂದು ದಿನ ಹೊರಬಂದು ಹಗ್ಗ ಎಳೆಯುತ್ತಾಳೆ, ಪಾಲು ಎತ್ತಿಕೊಂಡು ತಲೆಯೆತ್ತಿ ನಡೆಯುತ್ತಾಳೆ. ಅಷ್ಟೇ ಕಥೆ.

ಕಂಪನಿಯವರಿಗೆ ಹಗ್ಗ ಎಳೆಯುವುದು ಬೇಸರ ತಂದಿತು. ಅಷ್ಟನ್ನೂ ಕತ್ತರಿಸಿ ಬಿಸಾಕಿದರು. ಉಳಿದದ್ದೇನು? ಹೆಂಗಸೊಬ್ಬಳು ಬಂದು ಊರವರ ಬಲೆಯಿಂದ ಮೀನು ಎತ್ತಿಕೊಂಡು ಹೋಗುತ್ತಾಳೆ. ಆ ಪುಣ್ಯಾತ್ಮರಿಗೆ ಅದು ಕಳ್ಳತನವಾಗಿ ಕಂಡಿತು. ಎಲ್ಲಿಂದಲೋ ಒಬ್ಬ ಪೋಲೀಸನನ್ನು ತಂದು ಅಂಟಿಸಿ, ‘ಹಸಿದವಳು ಕಳ್ಳಿಯಾದಳು’ ಎಂದು ಬರಹ ಹಾಕಿದರು. ದೇವಿದಾಸ ಜಗಳವಾಡಿದ, ನಡೆಯಲಿಲ್ಲ. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದ. ಅವರು ಖುಷಿಯಿಂದ ತೆಗೆದು ಬೇರೊಬ್ಬನ ಹೆಸರು ಹಾಕಿದರು.

ಮರುವರ್ಷ ಚಿತ್ರ ಕಾರವಾರದ ಸಿನೆಮಾ ಡೇರೆಗೆ ಬಂತು. ಪರದೆಯ ಪಕ್ಕ ನಿಂತು ಮರಾಠಿ ಬರಹಗಳನ್ನು ಜನರಿಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ ಕೂಗಿ ಹೇಳುವ ಕೆಲಸ ನನ್ನದು. ಆಟ ಮುಗಿದ ಮೇಲೆ ದೇವಿದಾಸ ಸಿಕ್ಕಿ ಇದನ್ನೆಲ್ಲ ಹೇಳಿದ.

“ಬರೂ ವಾರ ಇದು ಅಂಕೋಲೆಗೆ ಹೋತದೆ,” ಎಂದೆ. “ಅಲ್ಲಿ ನೀಲಾನ ಗುರ್ತಿಲ್ದವ್ರು ಯಾರಿದ್ರು? ಆಟದ ಮುಂಚೆ ಎದ್ದು ನಿಂತು ಇದ್ದದ್ದು ಹೇಳು.”

“ಅದು ನನ್ನ ಚಿತ್ರನೇ ಅಲ್ಲ ಮಾರಾಯಾ. ನನ್ನ ಹೆಸ್ರೇ ಇಲ್ಲ ಅದ್ರಲ್ಲಿ. ನಾ ಯಾಕೆ ಎದ್ದು ನಿಲ್ಲೂದು?”

ಬೈದು ಬಂದೆ. ಬೈದದ್ದಷ್ಟೇ ನನ್ನ ಸಾಧನೆ. ಅಂಕೋಲೆಯಲ್ಲಿ ಐದು ದಿನ ಆಟ ನಡೆಯಿತು. ಐದೂ ದಿನ ‘ಕಳ್ಳಿಯಾದಳು’ ಎಂದು ಕೂಗಿದವನು ನಾನೇ. ಆ ಒಂದು ಸಾಲು ನುಂಗಿಕೊಳ್ಳಬಹುದಿತ್ತು. ಕೆಲಸ ಹೋದೀತೆಂದು ಹೆದರಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆರನೆಯ ದಿನ ಬೆಳಿಗ್ಗೆ ನೀಲಾ ದೇವಿದಾಸನ ಮನೆಗೆ ಬಂದಳು. ನಾನೂ ಅಲ್ಲೇ ಜಗಲಿಯಲ್ಲಿದ್ದೆ. ಬುಟ್ಟಿಯ ಮೀನು ಹಾಗೇ ಇತ್ತು.

“ಪ್ಯಾಟೆ ಮನೆಯವ್ರು ಅಂಗಳಕ್ಕೇ ಸೇರ್ಸೂದಿಲ್ಲ ತಮಾ,” ಎಂದಳು. “ಒಬ್ಳು ನನ್ನ ಕಂಡ ಕೂಡ್ಲೆ ಹೊರಗಿನ ತಂಬಿಗೆ ಒಳಗಿಟ್ಳು.”

“ಅದು ಕಂಪನಿಯವ್ರು ಮಾಡಿದ್ದು ನೀಲಕ್ಕ. ಅದ್ಕೇ ನಾ ನನ್ನ ಹೆಸ್ರು ತೆಗ್ಸಿದೆ.”

“ನಿನ್ನ ಹೆಸ್ರು ತೆಗ್ಸಕಂಡೆ. ನನ್ನ ಮೋರೆ?”

ದೇವಿದಾಸ ಅಂಗಿ ಹಾಕಿಕೊಂಡು ಅವಳ ಜೊತೆ ಹೊರಟ. ನಾನೂ ಹೋದೆ. ಮೊದಲ ಮನೆ ವೈಜಯಂತಿಬಾಯಿಯವರದು. ಹತ್ತು ವರ್ಷದಿಂದ ನೀಲಾಳ ಹತ್ತಿರವೇ ಮೀನು ಕೊಂಡವರು. ದೇವಿದಾಸ ಅಂಗಳದಲ್ಲಿ ನಿಂತು ಕಂಪನಿ ಕತ್ತರಿಸಿದ್ದು, ಅಂಟಿಸಿದ್ದು, ಎಲ್ಲ ಬಿಡಿಸಿ ಹೇಳಿದ. ಆಕೆ ಸಮಾಧಾನದಿಂದ ಕೇಳಿದರು.

“ನಿನ್ನ ಚಿತ್ರ ಆಗಿದ್ರೆ ನಿನ್ನ ಹೆಸ್ರು ಇರ್ತಿತ್ತಲ್ಲ ದೇವಿದಾಸಾ? ನಾ ಕಣ್ಣಾರೆ ನೋಡಿದ್ದೆ. ಇವ್ಳು ಇದ್ಳು, ನೀ ಇರ್ಲಿಲ್ಲ.”

ಮುಂದಿನ ಮನೆಗೆ ಹೋಗೋಣ ಎಂದು ದೇವಿದಾಸ ಅಂದ. ನೀಲಾ ಬೇಡವೆಂದು ಬುಟ್ಟಿ ತಲೆಗೇರಿಸಿ ಬೇಲೇಕೇರಿಯ ದಾರಿ ಹಿಡಿದಳು.