ಮೊದಲ ವೀಳ್ಯದ ಊರು

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಪಟ್ಟಿ ಬರೆಯುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಅದೇ ಜಂಬದಲ್ಲಿ ತಂಗಿಯ ಮದುವೆಯ ವೀಳ್ಯದ ಪಟ್ಟಿಯನ್ನೂ ನಾನೇ ಬರೆದೆ.

ನಮ್ಮಲ್ಲಿ ತಾಳಿ ಕಟ್ಟುವ ಮುಂಚೆ ಕಟ್ಟೆಮನೆ ಎಂಬ ಹಳೆಯ ಕೂಟದ ಏಳು ಊರುಗಳನ್ನು ಒಂದೊಂದಾಗಿ ಕೂಗಿ, ಆಯಾ ಊರಿನ ಯಜಮಾನರಿಗೆ ಎಲೆ ಅಡಿಕೆ ಕೊಡಬೇಕು. ಕಟ್ಟೆಮನೆಗೆ ಕಚೇರಿಯೂ ಇಲ್ಲ, ಮೊಹರೂ ಇಲ್ಲ. ಮದುವೆ, ಸಾವು, ನ್ಯಾಯ ಬಂದಾಗಷ್ಟೇ ಅದರ ನೆನಪು. ಕೋಟೆ ತಾಲ್ಲೂಕಿನಿಂದ ಒಡೆದು ಸರಗೂರು ಬೇರೆ ತಾಲ್ಲೂಕಾದಾಗ ನಮ್ಮ ನಾಲ್ಕು ಊರು ಇತ್ತ ಬಂದವು, ಮೂರು ಅತ್ತಲೇ ಉಳಿದವು. ನಾನು ಕಚೇರಿಯ ರೂಢಿಯಂತೆ ಅಚ್ಚುಕಟ್ಟಾಗಿ ಸರಗೂರಿನವನ್ನು ಮೇಲೆ, ಕೋಟೆಯವನ್ನು ಕೆಳಗೆ ಬರೆದೆ. ವೀಳ್ಯ ಕೂಗಬೇಕಾದ ಅಪ್ಪನಿಗೆ ಗಂಟಲು ಕಟ್ಟಿತ್ತು, ಚಿಕ್ಕಪ್ಪ ನನ್ನ ಪಟ್ಟಿ ನೋಡಿಕೊಂಡು ಕೂಗಿದರು.

ಮೊದಲ ಊರಿನ ಹೆಸರು ಕೇಳಿದ್ದೇ ತಡ, ಮುಂದೆ ಕೂತಿದ್ದ ಮುದುಕರೊಬ್ಬರು ಟವೆಲ್ಲು ಕೊಡವಿ ಎದ್ದು ಹೊರಟರು. ಕಾಡಂಚಿನ ಪುಟ್ಟ ಊರಿನ ಯಜಮಾನರು. ಆ ಊರಿಗೆ ಬಸ್ಸಿಲ್ಲ, ಪಂಚಾಯ್ತಿ ಆಫೀಸಿಲ್ಲ, ಇದ್ದದ್ದು ಮೊದಲ ವೀಳ್ಯ ಒಂದೇ. ಕೋಟೆಗೆ ಸೇರಿದ್ದಕ್ಕೆ ನಾನು ಅದನ್ನು ಐದನೆಯದು ಮಾಡಿದ್ದೆ. ಅವರು ಚಪ್ಪರ ದಾಟಿದರೆ ಉಳಿದವರೂ ಏಳುತ್ತಿದ್ದರು, ತಂಗಿಯ ತಾಳಿ ನಿಲ್ಲುತ್ತಿತ್ತು.

ಅಪ್ಪ ಪಟ್ಟಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಕಟ್ಟಿದ ಗಂಟಲಲ್ಲೇ ನನಗೆ, "ಕೆಡ್ಸಿದ್ದು ನೀನು, ನೀನೇ ಕೂಗವ್ವ" ಅಂದರು.

ಹೆಂಗಸು ವೀಳ್ಯ ಕೂಗಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೆ ಅಪ್ಪನ ಬಾಯಲ್ಲಿ ಕೇಳಿ ಕೇಳಿ ಊರುಗಳ ಹಳೆಯ ಸಾಲು ನನಗೆ ಬಾಯಿಪಾಠವಾಗಿತ್ತು. ಆ ಮುದುಕರ ಊರನ್ನೇ ಮೊದಲು ಕೂಗಿದೆ. ಅವರು ನಿಂತರು, ತಿರುಗಿ ಬಂದರು, ಎಲೆಯನ್ನು ಕಣ್ಣಿಗೊತ್ತಿಕೊಂಡು ಕೂತರು. ಉಳಿದ ಆರನ್ನು ಯಾವ ಅಳುಕೂ ಇಲ್ಲದೆ ಕೂಗಿದೆ. ವಾಲಗ ಮೊಳಗಿತು, ತಾಳಿಯೂ ಆಯಿತು. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಆ ಮುದುಕರ ಎಲೆಗೆ ಪಾಯಸ ಬಡಿಸುತ್ತಾ, "ತಪ್ಪಾಯ್ತು ತಾತ, ತಾಲ್ಲೂಕು ನೋಡ್ಕಂಡು ಬರೆದ್ಬುಟ್ಟೆ" ಅಂದೆ.

"ಬುಡವ್ವ" ಅಂದರು. "ಆಫೀಸ್ಗೆ ಹೋದ್ರೆ ನಮ್ಮೆಸ್ರು ಕೂಗೋಗಂಟ ಬಾಗ್ಲಲ್ಲೇ ನಿಂತಿರ್ತೀವಿ ಕಣವ್ವ. ನಮ್ಮನ್ನ ಮೊದ್ಲು ಕೂಗೋದು ಇದೊಂದ್ಕಡೆನೇಯ."