ನೆಲದಡಿಯ ಸಿಗ್ನಲ್

ಚಿನ್ನದ ಗಣಿಯ ಊರಿಗಾಂನ ಆರುಮುಗಂಗೆ ಡಿಶ್ ಕೂರಿಸುವುದು, ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವುದು ಕಸುಬು. ಬಂಗಾರಪೇಟೆಯಲ್ಲಿ ಒಮ್ಮೆ ಡಿಶ್ ಸಿಗದೆ, ಇಡ್ಲಿ ಪಾತ್ರೆಯ ಮುಚ್ಚಳವನ್ನೇ ಚಾವಣಿಗೆ ಕಟ್ಟಿ ಕ್ರಿಕೆಟ್ ತೋರಿಸಿದನಂತೆ. ನಾನು ನಂಬುತ್ತೇನೆ. ಆ ಮನೆಯಲ್ಲಿ ಅವತ್ತು ಇಡ್ಲಿ ಬೇಯಲಿಲ್ಲ, ಅಷ್ಟೇ. ಆದರೆ ಮುಂದಿನ ಈ ಕಥೆ ಹೇಳುವಾಗ ಮಾತ್ರ ಅವನು ನಗುವುದಿಲ್ಲ.

ಗಣಿ ಕಾರ್ಮಿಕರ ಸಾಲುಮನೆಗಳಿರುವ ಕೋರಮಂಡಲ್ ಲೈನಿನ ಮುದುಕಿ ಮಾರಿಯಮ್ಮನ ಸೊಸೆ ಪುಷ್ಪ ಫೋನ್ ಮಾಡಿದ್ದಳು.

"ಅಣ್ಣಾ, ಬೇಗ ಬಾ. ಟೀವೀಲಿ ಸಿಗ್ನಲ್ ಇಲ್ಲ ಅಂತ ಬಂದೈತೆ. ಅತ್ತೆಗೆ ಓದಕ್ ಬರಲ್ಲ, ನಾನೇ ಬಾಯ್ಬಿಟ್ಟು ಓದ್ಬುಟ್ಟೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಸಕ್ಕರೆ ಕಾಯಿಲೆ ಬೇರೆ, ಓಗ್ಬುಡ್ತಾರೆ ಕಣಣ್ಣಾ."

ಮಾರಿಯಮ್ಮನ ಗಂಡ ಸೊಣ್ಣಪ್ಪ ಗಣಿ ಕೆಲಸದವನು. ಪಾಳಿ ಮುಗಿದರೆ ಕೆಳಗಿನಿಂದ ಮೂರು ಸಲ ಗಂಟೆ ಬಾರಿಸುತ್ತಿದ್ದರು: ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಜನ ಇದ್ದಾರೆ, ಮೇಲೆತ್ತಿ ಎಂದು. ಅದೇ ಸಿಗ್ನಲ್. ಅವನು ಮೇಲೆ ಬರುವವರೆಗೆ ಮಾರಿಯಮ್ಮ ಉಣ್ಣುತ್ತಿರಲಿಲ್ಲ. ಬಂಡೆ ಸಿಡಿದ ದಿನ ಬಾಗಿಲಿಗೆ ಬಂದವರು ಹೇಳಿದ್ದು ಎರಡೇ ಮಾತು: ಸಿಗ್ನಲ್ ಇಲ್ಲ. ಹೆಣವೂ ಸಿಗಲಿಲ್ಲ.

ಆರುಮುಗಂ ಚಾವಣಿಯ ಶೀಟಿನ ಮೇಲೆ ಹತ್ತಿ, ಡಿಶ್‌ನಿಂದ ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಿದ್ದ. ಮುದುಕಿ ಅಂಗಳಕ್ಕೆ ಬಂದಳು.

"ಲೇ, ಅವ್ರಿರೋದು ಕೆಳಗೆ. ನೀನೇನ್ಲಾ ಆಕಾಸ್ದಾಗೆ ಉಡುಕ್ತಿದ್ದೀಯಾ?"

"ಸರಿ ಕಣಮ್ಮಾ, ಎಜಮಾನ್ರನ್ನೇ ಕೇಳಾನ" ಎಂದು ನಗುತ್ತಾ, ಡಿಶ್ಶಿನ ಮುಖವನ್ನು ಮುಚ್ಚಿಹೋದ ಗಣಿಬಾವಿಯ ಶಾಫ್ಟಿನ ಕಡೆ ಬಗ್ಗಿಸಿದ.

ಒಳಗೆ ಟೀವಿ ಕಪ್ಪಾಗಿ, ಅದರಿಂದ ಗಂಟೆಯ ಸದ್ದು ಬಂತು. ಠಣ್. ಠಣ್. ಠಣ್.

"ಅಣ್ಣಾ, ಏನ್ ಮಾಡ್ದೆ?" ಪುಷ್ಪ ಕೂಗಿದಳು.

ಆರುಮುಗಂ ತನ್ನ ಕೈ ನೋಡಿಕೊಂಡ. ಬಿಚ್ಚಿದ ಕೇಬಲ್ಲಿನ ತುದಿ ಇನ್ನೂ ಅಲ್ಲೇ ಇತ್ತು.

ಅವನು ಇಳಿದು ಒಳಗೆ ಬರುವಷ್ಟರಲ್ಲಿ ಮಾರಿಯಮ್ಮ ಎರಡು ತಟ್ಟೆ ಇಟ್ಟು ಮುದ್ದೆ ಬಡಿಸಿದ್ದಳು. ಅವನು ಎರಡನೆಯ ತಟ್ಟೆಯ ಮುಂದೆ ಕುಳಿತ.

"ಏಳ್ಲಾ, ಅದು ನಿಂದಲ್ಲ. ಅವ್ರು ಸುಸ್ತಾಗಿ ಬತ್ತಾವ್ರೆ."

ಹೊರಗೆ ಹೊಸ್ತಿಲ ಬಳಿ ಯಾರೋ ಬೂಟಿನ ಮಣ್ಣು ಕೊಡವಿದ ಸದ್ದು. ಆಮೇಲೆ ಮಾರಿಯಮ್ಮ ಮೊದಲ ತುತ್ತು ಮುರಿದಳು.

ಆರುಮುಗಂ ಹಿಂಬಾಗಿಲಿನಿಂದ ಓಡಿದನಂತೆ. ಆ ಲೈನ್ ಮನೆಗಳಿಗೆ ಹಿಂಬಾಗಿಲೇ ಇಲ್ಲ.