ಅಕ್ಕನ ಗಂಟು, ನನ್ನ ಗಂಟು

ಬೆಳಗ್ಗೆ ಲಿಂಗಪೂಜೆ ಮುಗಿಸಿ ಶಿವದಾರವನ್ನು ಕೊರಳಿಗೆ ಹಾಕಿಕೊಳ್ಳುವಾಗ ಎಡಹೆಗಲ ಹತ್ತಿರ ಬೆರಳಿಗೆ ಏನೋ ಸಿಕ್ಕಿತು. ಚರ್ಮದ ಕೆಳಗೆ ಅವರೆಕಾಳಿನಷ್ಟು ಗಂಟು. ಒತ್ತಿದರೆ ಜಾರುತ್ತಿತ್ತು, ನೋವಿರಲಿಲ್ಲ. ನೋವಿಲ್ಲದ ಗಂಟೇ ಮೋಸ ಮಾಡುವುದು ಎಂದು ಯಾರೋ ಎಂದೋ ಹೇಳಿದ್ದ ಮಾತು ತಲೆಯಲ್ಲಿ ಕೂತಿತ್ತು.

ಪದ್ಮನಾಭನಗರದ ನನ್ನ ಬಟ್ಟೆ ಅಂಗಡಿಯಲ್ಲಿ ಅಂದಿನಿಂದ ಕೈ ಸುಮ್ಮನಿರಲಿಲ್ಲ. ಬ್ಲೌಸ್ ಪೀಸ್ ಅಳೆಯುತ್ತಲೇ ಬೆರಳು ಅಂಗಿಯೊಳಗೆ ಹೋಗುತ್ತಿತ್ತು. ಒತ್ತಿ ಒತ್ತಿ ಸುತ್ತ ಕೆಂಪಾಯಿತು. ಕೆಂಪಾದದ್ದು ನೋಡಿ, ಬೆಳೆಯುತ್ತಿದೆ ಅಂದುಕೊಂಡೆ. ಹೆಂಡತಿಗೆ ಹೇಳಲಿಲ್ಲ, ಹೇಳಿದ್ದರೆ ಸಂಜೆಯೊಳಗೆ ಅವಳ ತವರಿನವರೆಲ್ಲ ಬಂದು ಕೂರುತ್ತಿದ್ದರು. ಒಂದು ದಿನ ಬನಶಂಕರಿಯ ಕ್ಲಿನಿಕ್‌ವರೆಗೂ ಹೋದೆ. ಸರದಿ ಹತ್ತಿರ ಬಂದಾಗ, "ಅರ್ಜೆಂಟ್ ಕೆಲಸ ಬಂತು ಮೇಡಂ, ಆಮೇಲೆ ಬರ್ತೀನಿ" ಎಂದು ರಿಸೆಪ್ಶನ್‌ನಲ್ಲಿ ಹೇಳಿ ಹೊರಬಿದ್ದೆ.

ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಸ್ಕೂಟರನ್ನು ಕೋಣನಕುಂಟೆಗೆ, ಅಕ್ಕನ ಮನೆಗೆ ತಿರುಗಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಏನೋ ಅದು, ಆಗ್ಲಿಂದ ಹೆಗಲು ಕೆರ್ಕೋತಿದ್ದೀಯ?"

ಹೇಳಿದೆ. ಕೈ ಒರೆಸಿಕೊಂಡು ಬಂದು ಒತ್ತಿ ನೋಡಿ ನಕ್ಕುಬಿಟ್ಟಳು.

"ಇಷ್ಟಕ್ಕಾ? ಇಲ್ನೋಡು."

ಬಳೆ ಹಿಂದಕ್ಕೆ ಸರಿಸಿ ಮುಂಗೈ ತೋರಿಸಿದಳು. ಮುಟ್ಟಿದೆ. ನನ್ನದಕ್ಕಿಂತ ದೊಡ್ಡ ಗಂಟು, ಕಲ್ಲಿನಂತೆ ಗಟ್ಟಿ. ಜಾರಲಿಲ್ಲ.

"ಯಾವಾಗಿಂದ ಇದೆ?"

"ಯಾರಿಗ್ಗೊತ್ತು. ಈಗೀಗ ಸ್ವಲ್ಪ ದೊಡ್ದಾಗಿದೆ."

"ತೋರ್ಸಿದ್ಯಾ?"

"ನೋವೇ ಇಲ್ವಲ್ಲೋ."

ನನ್ನ ಗಂಟು ಮರೆತೇಹೋಯಿತು. ಈಗಲೇ ಹೊರಡು ಎಂದರೆ ಅವಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, "ಒಬ್ನೇ ಹೋಗಕ್ಕೆ ಭಯ ಆಗ್ತಿದೆ ಅಕ್ಕ" ಎಂದೆ. ಅದು ಸುಳ್ಳೇನೂ ಅಲ್ಲ. ಸೊಪ್ಪನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಸ್ಕೂಟರ್ ಹತ್ತಿದಳು.

ಡಾಕ್ಟರ್ ನನ್ನ ಹೆಗಲು ಮುಟ್ಟಿ, "ಕೊಬ್ಬಿನ ಗಂಟು ಸಾರ್. ಒತ್ತೋದು ಬಿಡಿ, ದೊಡ್ದಾದ್ರೆ ಬನ್ನಿ" ಎಂದರು. ಅಕ್ಕನ ಕೈಯನ್ನು ಮಾತ್ರ ಬಹಳ ಹೊತ್ತು ಹಿಡಿದಿದ್ದರು. ಸ್ಕ್ಯಾನ್ ಆಗಲಿ, ಸೂಜಿ ಹಾಕಿ ಟೆಸ್ಟ್ ಮಾಡೋಣ ಎಂದರು. ನಗುತ್ತಾ ಬಂದವಳು ವಾಪಸ್ ಹೋಗುವಾಗ ಹಿಂದಿನ ಸೀಟಿನಲ್ಲಿ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ರಿಪೋರ್ಟ್ ಬರುವವರೆಗೆ ಅಂಗಡಿ ಮುಚ್ಚಿದ ಕೂಡಲೇ ಅವಳ ಮನೆಗೆ ಹೋಗುತ್ತಿದ್ದೆ. "ನಿನ್ ಜೊತೆ ಬಂದಿದ್ದೇ ತಪ್ಪು ನೋಡು. ಆರಾಮಾಗಿದ್ದೆ" ಎಂದು ಬೈಯುತ್ತಲೇ ಕಾಫಿ ಕೊಡುತ್ತಿದ್ದಳು. ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸಿತು. ಅವಳನ್ನು ಎಳೆದುಕೊಂಡು ಹೋದದ್ದು ಅವಳಿಗಾಗಿಯೋ, ನನ್ನ ಭಯಕ್ಕೊಂದು ಜೊತೆ ಬೇಕೆಂದೋ?

ರಿಪೋರ್ಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಬೆಳೆಯುತ್ತಿರುವುದರಿಂದ ತೆಗೆಸಿಬಿಡುವುದೇ ಒಳ್ಳೆಯದು ಎಂದರು ಡಾಕ್ಟರ್.

"ಹೊಲಿಗೆ ಹಾಕಿದ್ ಕೈನ ಎಷ್ಟ್ ದಿನ ನೆನೆಸ್ಬಾರ್ದು?" ಎಂದಷ್ಟೇ ಅಕ್ಕ ಕೇಳಿದಳು.

ಹೊರಗೆ ಬಂದವಳೇ ಕ್ಲಿನಿಕ್‌ನ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಜನ ನಮ್ಮನ್ನು ದಾಟಿ ಒಳಗೆ ಹೋಗುತ್ತಿದ್ದರು. ನಾನೂ ಅವಳ ಪಕ್ಕದಲ್ಲಿ ಕೂತೆ.